ಒಂದು ಮಂಚ, ಎರಡು ಲಾಟೀನು

ಶ್ರೀ ಗುರು ಬಸವಲಿಂಗಾಯ ನಮಃ

ದಾವಣಗೆರೆ,
೧೪–೧೧–೧೯೬೦, ಕಡೆಯ ಕಾರ್ತೀಕ ಸೋಮವಾರ

ಮನೆಯ ಯಜಮಾನರಿಗೆ ನೀಲವ್ವ ಮಾಡುವ ಶರಣಾರ್ಥಿಗಳು.

ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ವಾಡಿಕೆ. ಮೂವತ್ತು ವರ್ಷ ಹಾಗೇ ಬರೆದೆ. ಈ ಸಲ ಬರೆಯುವುದಿಲ್ಲ. ಎಮ್ಮೆ ಕ್ಷೇಮವಾಗಿದೆ. ಭಾನುವಳ್ಳಿಯಲ್ಲಿ ಮಗಳು ಕಮಲ, ಅವಳ ಮಕ್ಕಳು ಕ್ಷೇಮವಾಗಿದ್ದಾರೆ. ನಾನು ಮಾತ್ರ ಸಿಟ್ಟಿನಲ್ಲಿದ್ದೇನೆ.

ನಿಮ್ಮ ಕಾಗದ ಹೋದ ಮಂಗಳವಾರ ಬಂತು. ಅದನ್ನು ಕಾಗದ ಎಂದು ನಾನೇ ಮನಸ್ಸು ದೊಡ್ಡದು ಮಾಡಿಕೊಂಡು ಕರೆಯಬೇಕು. ನಾಲ್ಕು ಸಾಲು ಸಮಾಚಾರ, ಒಂದೂವರೆ ಪುಟ ಪಟ್ಟಿ. ಸುಡಾನ್ ಎಂಬ ದೇಶದಲ್ಲಿ ನಾಲೆ ಸರ್ವೆಯ ಕೆಲಸ, ಮೂರು ವರ್ಷದ ಕರಾರು, ನಿಮ್ಮ ಹಳೆಯ ಇಂಜಿನಿಯರ್ ಪರಮೇಶ್ವರಪ್ಪನವರು ಬೆಂಗಳೂರಿನಿಂದ ಶಿಫಾರಸು ಮಾಡಿ ಕೊಡಿಸಿದ್ದು. ಡಿಸೆಂಬರ್ ಹತ್ತಕ್ಕೆ ಬೊಂಬಾಯಿಯಲ್ಲಿ ಹಡಗು. ಅಲ್ಲಿ ಮರಳಿನ ಮೇಲೆ ಡೇರೆ ಹೊಡೆದುಕೊಂಡು ಇರಬೇಕು, ಆದ್ದರಿಂದ ಅಟ್ಟದ ಮೇಲಿನ ಕ್ಯಾಂಪ್ ಸಾಮಾನು ಇಳಿಸಿ ಕಳಿಸು. ಅಷ್ಟೆ. ಹೋಗಲೇ ಎಂಬ ಮಾತಿಲ್ಲ, ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಎಂಬ ಮಾತೂ ಇಲ್ಲ. ಮಾರ್ಚಿನಲ್ಲಿ ಪೆನ್ಷನ್ ಆದ ಗಂಡಸು, ನಕ್ಷೆ ಒಪ್ಪಿಸುವುದಿದೆ ಎಂದು ಎಂಟು ತಿಂಗಳು ಲಕ್ಕವಳ್ಳಿ ಕ್ಯಾಂಪಿನಲ್ಲೇ ಕೂತಿರಿ. ಗೌರಿ ಹಬ್ಬಕ್ಕೆ ಬರಲಿಲ್ಲ. ದೀಪಾವಳಿಗೆ ಬರಲಿಲ್ಲ. ಈಗ ಸಮುದ್ರದ ಆಚೆ ಹೊರಟಿದ್ದೀರಿ. ಹರಪನಹಳ್ಳಿಗೆ ಎಮ್ಮೆ ನೋಡಲು ಹೋಗುವವರೂ ಮನೆಯಲ್ಲಿ ಒಂದು ಮಾತು ಹೇಳಿ ಹೋಗುತ್ತಾರೆ.

ಅದೂ ನಿಮ್ಮ ಅಕ್ಷರವಲ್ಲ. ಮೂವತ್ತು ವರ್ಷ ನಿಮ್ಮ ಹಿಂದೆ ಅಳತೆಗೋಲು ಹೊತ್ತು ತಿರುಗಿದ ಖಲಾಸಿ ಕೊಟ್ಟೂರಪ್ಪನ ಅಕ್ಷರ. ಬಲಗೈ ಉಳುಕಿದೆ, ಅದಕ್ಕೆ ಇವನ ಕೈಲಿ ಬರೆಸಿದ್ದೇನೆ ಎಂದಿದ್ದೀರಿ. ನಂಬಿದೆ. ಉಳುಕಿಗೆ ಬೇಕಾಗುತ್ತದೆ ಎಂದು ಔಡಲೆಣ್ಣೆಯನ್ನು ಸೀಸೆಗೆ ತುಂಬಿ, ಸೋರದಂತೆ ಬೂಚಿಗೆ ಮೇಣ ಮೆತ್ತಿ, ಪೆಟ್ಟಿಗೆಯ ಮೂಲೆಯಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಇನ್ನು ಹರಿಹರದ ವಿಷಯ. ಸಾಮಾನನ್ನು ಹರಿಹರಕ್ಕೆ ನಿಮ್ಮ ತಮ್ಮ ಹಾಲೇಶಪ್ಪನ ಮನೆಗೆ ಮುಟ್ಟಿಸಬೇಕು, ಅವನು ಸ್ಟೇಷನ್ನಿಗೆ ತರುತ್ತಾನೆ, ರೈಲು ನಿಂತಾಗ ನೀವು ಏರಿಸಿಕೊಳ್ಳುತ್ತೀರಿ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಓದಿದವಳು, ನಿಜ. ಆದರೆ ಬೀರೂರು ಕಡೆಯಿಂದ ಬರುವ ರೈಲು ಮೊದಲು ದಾವಣಗೆರೆಯಲ್ಲಿ ನಿಂತು ಆಮೇಲೆ ಹರಿಹರಕ್ಕೆ ಹೋಗುತ್ತದೆ ಎಂಬುದು ನಮ್ಮ ಎಮ್ಮೆಗೂ ಗೊತ್ತು. ಹೆಂಡತಿ ಇರುವ ಊರಿನ ಸ್ಟೇಷನ್ ದಾಟಿಸಿಕೊಂಡು ಹೋಗಿ ಮುಂದಿನ ಊರಿನಲ್ಲಿ ಡೇರೆಯ ಗೂಟ ಏರಿಸಿಕೊಳ್ಳುವ ಗಂಡನ ಕಥೆಯನ್ನು ಯಾವ ಪುರಾಣದಲ್ಲೂ ನಾನು ಕೇಳಿಲ್ಲ. ಮಂಗಳವಾರ ಇಡೀ ದಿನ ಇದೇ ಯೋಚನೆ. ನಾನೇನು ತಪ್ಪು ಮಾಡಿದೆ ಎಂದು ಒಂದೊಂದೇ ವರ್ಷ ಹಿಂದಕ್ಕೆ ಹೋಗಿ ನೋಡಿದೆ. ನಿಮ್ಮ ಜೊತೆ ಇದ್ದ ದಿನಗಳೇ ಅಷ್ಟು ಕಡಿಮೆ. ಜಗಳ ಆಡಿದ್ದು ನೆನಪಿಗೆ ಬರಲು ಜಾಗವೇ ಇಲ್ಲ.

ಸರಿ, ಪಟ್ಟಿ ಹಿಡಿದು ಅಟ್ಟ ಹತ್ತಿದೆ. ಹತ್ತೊಂಬತ್ತು ಸಾಮಾನು ಬರೆಸಿದ್ದೀರಿ. ಕೊನೆಯಲ್ಲಿ, ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ ಮೀರಬಾರದು ಎಂದು ಬರೆಸಿ ಕೆಳಗೆ ಗೆರೆ ಎಳೆಸಿದ್ದೀರಿ. ಎರಡು ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಹಿಡಿಯುವುದಿಲ್ಲ. ಹಾಗಾದರೆ ಯಾವುದು ಬೇಕು, ಯಾವುದು ಬಿಡಬೇಕು? ಅದಕ್ಕೂ ಉತ್ತರ ಬರೆಸಿದ್ದೀರಿ, ನಿನಗೆ ತೋರಿದಂತೆ ಮಾಡು ಎಂದು. ಮೂರು ವರ್ಷ ದೇಶ ಬಿಟ್ಟು ಹೋಗುವುದನ್ನು ನೀವೊಬ್ಬರೇ ತೀರ್ಮಾನಿಸಿದಿರಿ. ಸ್ಟೋವಿನ ಪಿನ್ನು ಎಷ್ಟು ಎನ್ನುವುದನ್ನು ನನಗೆ ಬಿಟ್ಟಿರಿ. ದೊಡ್ಡ ಉಪಕಾರವಾಯಿತು.

ಮೊದಲು ಡೇರೆ. ಅದು ಈಗ ನಿಮ್ಮ ಡೇರೆಯಲ್ಲ, ಓಣಿಯ ಡೇರೆ. ಇಲಾಖೆಯವರು ಹೊಸದು ಕೊಟ್ಟಿದ್ದಾರೆ ಎಂದು ನೀವು ಹಳೆಯದನ್ನು ಮನೆಗೆ ಹಾಕಿ ಹೋದ ಮೇಲೆ ಅದು ಅಟ್ಟದಲ್ಲಿ ಮಲಗಿದ್ದೇ ಇಲ್ಲ. ಈ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅಡಿಗೆಯವರ ನೆರಳಿಗೆ ಅದೇ. ನಾಮಕರಣಕ್ಕೆ ಅದೇ. ಸತ್ತರೆ ಬಂದವರು ಕೂಡಲು ಅದೇ. ನಾನು ಇಳಿಸಲು ಹೋದಾಗ ಅದು ಹಿಂದಿನ ಓಣಿಯ ಕೆಂಚವೀರಪ್ಪನ ಅಂಗಳದಲ್ಲಿ ಮಗಳ ಸೀಮಂತಕ್ಕೆ ನಿಂತಿತ್ತು. ಯಜಮಾನರಿಗೆ ಬೇಕಂತೆ, ಸುಡಾನಿಗೆ ಹೋಗುತ್ತಾರೆ ಎಂದೆ. ಆತ ಕುರ್ಚಿಯಿಂದ ಏಳಲಿಲ್ಲ. “ಸುಡಾನ್ ಎಲ್ಲಿಗೆ ಓಡಿ ಹೊಕ್ಕೈತೆ ನೀಲಕ್ಕ? ನಮ್ಮ ಹುಡುಗಿ ಉಡಿ ತುಂಬಿಸ್ಕಂಡು ಏಳ್ಲಿ, ಆಮ್ಯಾಕ ಒಯ್ಯೀರಂತೆ” ಅಂದ. ಅವನ ಹೆಂಡತಿ ಹೋಳಿಗೆ ಕೊಟ್ಟಳು. ಹೋಳಿಗೆ ತಿಂದು ಬರಿಗೈಲಿ ಬಂದೆ. ಮರುದಿನ ಡೇರೆ ಬಂತು, ತುಪ್ಪದ ಕಲೆ, ಅರಿಸಿನದ ಕಲೆ, ಪೆಟ್ರೋಮ್ಯಾಕ್ಸ್ ತಾಗಿ ಸುಟ್ಟ ತೂತು, ಎಲ್ಲ ಹೊತ್ತುಕೊಂಡು.

ಹೊಲಿಸಲು ಇಮಾಂಬೀಯನ್ನು ಕರೆಸಿದೆ. ಗಾಡಿ ನಿಲ್ಲುವ ಕಡೆ ಚೀಲ, ಗಾಡಿಯ ಕಮಾನಿನ ಬಟ್ಟೆ ಹೊಲಿಯುತ್ತಾಳಲ್ಲ, ಅವಳೇ. ಪಡಸಾಲೆಯಲ್ಲಿ ಡೇರೆ ಹರವಿ, ಒಂದು ಕಡೆಯಿಂದ ಬೆಳಕಿಗೆ ಎತ್ತಿ ಹಿಡಿದು ನೋಡಿದಳು. “ಅಕ್ಕಾ, ಇದು ಡೇರೆ ಅಲ್ರೀ, ಜರಡಿ ಐತೆ. ಆ ದೇಶದಾಗೆ ಮರಳು ಜಾಸ್ತಿ ಅಂತೀರಲ್ಲ, ಸಾಹೇಬ್ರು ಒಳಗ ಕುಂತು ಸೋಸಬೌದು ನೋಡ್ರಿ” ಅಂದಳು. ನನಗೆ ನಗು ಬರಲಿಲ್ಲ. ದಬ್ಬಳ, ಗೋಣಿದಾರ ಕೊಟ್ಟು ಕೂಡಿಸಿದೆ.

ಅವಳು ಹೊಲಿಯುವಾಗ ನಾನು ಉಳಿದದ್ದನ್ನು ಒಂದೊಂದೇ ನೋಡಿದೆ. ಮಡಿಸುವ ಮೇಜಿನ ಕಾಲು ಗೆದ್ದಲು ತಿಂದಿದೆ, ಅದು ಬರುವುದಿಲ್ಲ. ಮಡಿಸುವ ಕುರ್ಚಿ ಬಿಚ್ಚಿದರೆ ಮಡಿಸಲು ಬರುವುದಿಲ್ಲ, ಮಡಿಸಿದರೆ ಬಿಚ್ಚಲು ಬರುವುದಿಲ್ಲ, ಅದೂ ಇಲ್ಲೇ ಇರಲಿ. ಕ್ಯಾನ್ವಾಸ್ ಬಕೀಟಿನ ತಳವನ್ನು ಇಲಿ ತಿಂದಿದೆ. ಅದಕ್ಕೂ ನೀವು ಹೋಗುವುದು ಇಷ್ಟವಿರಲಿಲ್ಲವೇನೋ. ಸೊಳ್ಳೆ ಪರದೆ ಚೆನ್ನಾಗಿದೆ, ನಾನು ನುಸಿ ಗುಳಿಗೆ ಹಾಕಿ ಇಟ್ಟದ್ದು. ಸ್ಟೋವ್ ಹತ್ತುತ್ತದೆ. ಪಿನ್ನು ಎರಡು ಡಜನ್ ತರಿಸಿದೆ. ವಿಭೂತಿ ಗಟ್ಟಿ ಹನ್ನೆರಡು ಎಂದು ಬರೆಸಿದ್ದೀರಿ, ಇಪ್ಪತ್ತನಾಲ್ಕು ಇಟ್ಟಿದ್ದೇನೆ. ಸಮುದ್ರದ ಗಾಳಿಗೆ ಹಸಿಯಾಗದಂತೆ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದೇನೆ.

ಆದರೆ ರೊಟ್ಟಿಯ ಹಂಚು ಪಟ್ಟಿಯಲ್ಲೇ ಇಲ್ಲ. ಸ್ಟೋವ್ ಇದೆ, ಎಣ್ಣೆ ಹಾಕುವ ಲಾಳಿಕೆ ಇದೆ, ಹಂಚಿಲ್ಲ. ಮೂರು ವರ್ಷ ಏನು ತಿನ್ನುತ್ತೀರಿ? ಅಲ್ಲಿಯೂ ಜೋಳ ಬೆಳೆಯುತ್ತಾರಂತೆ. ಜೋಳ ಬೆಳೆದ ಮಾತ್ರಕ್ಕೆ ರೊಟ್ಟಿ ತಾನಾಗಿ ತಟ್ಟಿಕೊಂಡು ತಟ್ಟೆಗೆ ಬರುತ್ತದೆಯೇ? ಹಂಚು ಇಟ್ಟಿದ್ದೇನೆ. ಮರೆತದ್ದಲ್ಲ, ಹಂಚಿನ ಹಿಂದೆಯೇ ತಟ್ಟುವವಳ ಮಾತು ಬರುತ್ತದೆ ಎಂದು ಬಿಟ್ಟಿದ್ದೀರಿ ಎನ್ನುವುದು ನನ್ನ ಗುಮಾನಿ.

ಮಡಿಸುವ ಮಂಚ ಒಂದು ಎಂದಿದೆ. ಓದಿ ಸುಮ್ಮನಾದೆ. ಸುಮ್ಮನಾದದ್ದು ಒಪ್ಪಿದ್ದಕ್ಕಲ್ಲ. ಅದರ ಮಾತು ಆಮೇಲೆ.

ಅದರ ಕೆಳಗೆ, ಲಾಟೀನು ಎರಡು, ದೊಡ್ಡ ಗಾಜಿನವು. ದೊಡ್ಡ ಬ್ಯಾಟರಿ ಒಂದು. ನಾನು ಏನೂ ಯೋಚಿಸದೆ ಗಾಜಿಗೆ ಬೂದಿ ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಕೇಳಿದವಳು ಇಮಾಂಬೀ.

“ಒಬ್ಬ ಮನುಷ್ಯಾಗೆ ಎರಡು ಲಾಟೀನ್ ಯಾಕ್ರೀ ಅಕ್ಕಾ? ಸಾಹೇಬ್ರು ಮುಂಚೆಲಿಂದಾನೂ ಎರಡು ಇಟ್ಕಂತಿದ್ರಾ?”

“ಇಲ್ಲವ್ವ, ಒಂದೇ. ಅದರ ಬತ್ತೀನೂ ಇಳಿಸ್ತಿದ್ರು, ಹುಳ ಬರ್ತಾವೆ ಅಂತ” ಅಂದೆ.

ಅವಳು ದಬ್ಬಳಕ್ಕೆ ದಾರ ಪೋಣಿಸುತ್ತಾ ಹೇಳಿದಳು. “ನಮ್ಮ ಅಬ್ಬಾನೂ ಹಿಂಗೇ ಮಾಡಿದ್ರು. ದೀಪ ಸಾಲದು ಅಂದ್ರು, ಇನ್ನೊಂದು ತಂದ್ವಿ. ಅದೂ ಸಾಲದು ಅಂದ್ರು. ದೀಪ ಸಾಲ್ತಿತ್ತು ಅಕ್ಕಾ. ಕಣ್ಣಿಗೆ ಪೊರೆ ಬಂದಿತ್ತು.”

ಹೇಳಿ ತನ್ನ ಪಾಡಿಗೆ ತಾನು ಹೊಲಿಯತೊಡಗಿದಳು. ನಾನು ಕೈ ತೊಳೆದುಕೊಂಡು ಬಂದು ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದೆ. ಈ ಸಲ ಇದ್ದದ್ದನ್ನಲ್ಲ, ಇಲ್ಲದ್ದನ್ನು ನೋಡಿದೆ. ಮುಖ ಕ್ಷೌರದ ಕನ್ನಡಿ ಇಲ್ಲ. ಮೂವತ್ತು ವರ್ಷ ನಿಮ್ಮ ಹಾಸಿಗೆ ಸುರುಳಿಯಲ್ಲಿ ತಲೆದಿಂಬಿನ ಕೆಳಗೇ ಇರುತ್ತಿದ್ದ ವಚನದ ಪುಸ್ತಕ ಇಲ್ಲ. ಬರೆಯುವ ಪೆನ್ನು, ಮಸಿ ಇಲ್ಲ. ಆಮೇಲೆ ಗೌರಿ ಹಬ್ಬ, ದೀಪಾವಳಿ, ಹರಿಹರದ ಸ್ಟೇಷನ್ ಎಲ್ಲ ತಾವಾಗಿಯೇ ಒಂದರ ಪಕ್ಕ ಒಂದು ಬಂದು ಕೂತವು. ಔಡಲೆಣ್ಣೆಯ ಸೀಸೆಯನ್ನು ಪೆಟ್ಟಿಗೆಯಿಂದ ತೆಗೆದು ಹೊರಗಿಟ್ಟೆ.

ಶುಕ್ರವಾರ ಹಾಲೇಶಪ್ಪ ಕಾರ್ಖಾನೆಗೆ ರಜ ಹಾಕಿ, ಸಾಮಾನು ಒಯ್ಯಲು ಹರಿಹರದಿಂದ ಬಂದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ತಟ್ಟೆ ಮುಂದಿಟ್ಟೆ. ಅವನು ಎರಡನೇ ಮೆಣಸಿನಕಾಯಿಗೆ ಕೈ ಹಾಕುವವರೆಗೂ ಕಾದು ಕೇಳಿದೆ, “ಹಾಲೇಶಿ, ಅಣ್ಣನ ಕೈ ಉಳುಕು ಹೆಂಗೈತಪ್ಪ?”

“ಯಾವ ಕೈ ಅತ್ತಿಗೆ?” ಅಂದ. ಪಾಪ, ನೀವು ಅವನಿಗೆ ಈ ಸುಳ್ಳು ಹೇಳಿಕೊಡಲು ಮರೆತಿದ್ದೀರಿ.

“ಹೋಗ್ಲಿ, ಕಣ್ಣು ಹೆಂಗೈತೆ?”

ಅವನ ಕಣ್ಣಲ್ಲೇ ನೀರು ಬಂತು. “ಭಾಳ ಖಾರ ಐತೆ ಅತ್ತಿಗೆ” ಅಂದ.

“ಮೆಣಸಿನಕಾಯಿ ಸುದ್ದಿ ಕೇಳ್ಲಿಲ್ಲ ನಾನು.”

“ಅಣ್ಣ ಲಿಂಗದ ಮ್ಯಾಲೆ ಆಣೆ ಹಾಕ್ಸ್ಯಾನೆ, ಬಾಯಿ ಬಿಡಂಗಿಲ್ಲ.”

“ಬಾಯಿ ಬಿಡಬ್ಯಾಡ. ನಾನು ಕೇಳ್ತೀನಿ, ನೀನು ತಲೆ ಆಡಿಸು. ಆಣೆ ಬಾಯಿಗೆ ಹಾಕ್ಸ್ಯಾರೆ, ತಲೆಗಲ್ಲ” ಅಂದೆ. ನಿಮ್ಮ ತಮ್ಮನಿಗೆ ಈ ನ್ಯಾಯ ಒಪ್ಪಿಗೆಯಾಯಿತು.

ಎರಡೂ ಕಣ್ಣಿಗೇನು? ತಲೆ ಆಡಿಸಿದ. ಈ ವರ್ಷ ಶುರುವಾದದ್ದೇ? ಇಲ್ಲ ಎಂದು ಆಡಿಸಿ ಎರಡು ಬೆರಳು ತೋರಿಸಿದ. ಹಾಗಾದರೆ ಕೊನೆಗೆ ನಾಲೆಯ ಮೇಲೆ ದುರ್ಬೀನಿಗೆ ಕಣ್ಣಿಟ್ಟು ಅಳತೆಗೋಲಿನ ಅಂಕಿ ನೋಡುತ್ತಿದ್ದವರು ಯಾರು, ಕೊಟ್ಟೂರಪ್ಪನೇ? ತಲೆ ಆಡಿಸಿದ. ಹೊರದೇಶಕ್ಕೆ ಕಳಿಸುವ ಮುಂಚೆ ಡಾಕ್ಟರು ಕಣ್ಣು ನೋಡುತ್ತಾರಲ್ಲ, ಅಲ್ಲಿ ಹೇಗೆ ಪಾಸಾದರು ಎಂದೆ. ಇದಕ್ಕೆ ತಲೆ ಆಡಿಸಿ ಉತ್ತರ ಹೇಳಲು ಆಗುವುದಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ ಆಣೆ ಮುರಿದ.

“ಗ್ವಾಡಿ ಮ್ಯಾಲೆ ಅಕ್ಷರದ ಪಟ್ಟಿ ತೂಗಿ ಹಾಕಿರ್ತಾರಲ್ಲ ಅತ್ತಿಗೆ, ಕೊಟ್ಟೂರಪ್ಪ ಹಿಂದಿನ ದಿನಾನೇ ಹೊಟ್ಟೆನೋವು ಅಂತ ಒಳಗ ಹೋಗಿ ಬರ್ಕಂಡು ಬಂದ. ಅವನಿಗೆ ಇಂಗ್ಲಿಷ್ ಎಲ್ಲಿ ಬರ್ತೈತೆ, ರಂಗೋಲಿ ಹಾಕಿದಂಗೆ ಬಿಡಿಸ್ಕಂಡು ಬಂದಿದ್ದ. ಅಣ್ಣ ಬಾಯಿಪಾಠ ಮಾಡಿದ. ಪರೀಕ್ಷೆದಾಗ ಒಂದಕ್ಷರ ತಪ್ಪಲಿಲ್ಲ. ಡಾಕ್ಟ್ರು ಈ ವಯಸ್ಸಿಗೆ ಹದ್ದಿನ ಕಣ್ಣು ನಿಮ್ದು ಅಂದ್ರಂತೆ.”

“ಯಾಕ? ಯಾಕ ಇಷ್ಟು ಪರಿಪಾಟ್ಲು?”

ಹಾಲೇಶಪ್ಪ ತಟ್ಟೆ ನೋಡುತ್ತಾ ಹೇಳಿದ. “ಮನಿಯಾಗೆ ಕುಂತ್ರೆ ಕುರುಡ ಅಂತಾರೆ, ಕೆಲ್ಸದಾಗೆ ಇದ್ರೆ ಓವರ್ಸೀರ್ ಅಂತಾರೆ ಅಂತಾನೆ.”

ಅವನು ಬರಿಗೈಲಿ ಬಸ್ಸು ಹತ್ತಿದ. ಸಾಮಾನು ಕೊಡಲಿಲ್ಲ.

ಈಗ ಕೇಳುತ್ತೇನೆ. ಮನೆಯಲ್ಲಿ ಕುರುಡ ಎನ್ನುವವರು ಯಾರು? ನಾನೇ? ನಾನು ನಿಮ್ಮನ್ನು ಇದುವರೆಗೆ ಏನೂ ಅಂದಿಲ್ಲ, ಅನ್ನೋಣವೆಂದರೆ ನೀವು ಮನೆಯಲ್ಲಿ ಇದ್ದದ್ದೇ ಇಲ್ಲ. ಎರಡು ವರ್ಷ ಕಣ್ಣು ಮಂಜಾಗುತ್ತಾ ಬಂದಿದೆ. ತಮ್ಮನಿಗೆ ಗೊತ್ತು, ಖಲಾಸಿಗೆ ಗೊತ್ತು, ಚೀಲ ಹೊಲಿಯುವವಳು ಎರಡು ಲಾಟೀನು ನೋಡಿಯೇ ಹೇಳಿದಳು. ತಾಳಿ ಕಟ್ಟಿಸಿಕೊಂಡವಳು ಉಳುಕಿನ ಎಣ್ಣೆ ಕಾಯಿಸುತ್ತಾ ಕೂತಿದ್ದಳು. ಇದಕ್ಕಿಂತ ನೀವು ನಾಲ್ಕು ಜನರೆದುರು ನನ್ನ ಮೇಲೆ ಕೈ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಕೊಟ್ಟೂರಪ್ಪ, ಈ ಕಾಗದ ಓದಿ ಹೇಳುತ್ತಿರುವವನು ನೀನೇ ಎಂದು ಗೊತ್ತು. ಇಲ್ಲಿಯವರೆಗೆ ಎಷ್ಟು ಸಾಲು ನುಂಗಿದ್ದೀಯೋ ಶಿವನೇ ಬಲ್ಲ. ಸಾಹೇಬರಿಗೆ ಬೇಸರವಾಗುತ್ತದೆ ಎಂದು ದಾಟಿಸಿದ್ದರೆ ಹಿಂದಕ್ಕೆ ಹೋಗಿ ಪೂರ್ತಿ ಓದು, ಎಮ್ಮೆಯ ಮಾತನ್ನೂ ಬಿಡಬೇಡ. ನೀನು ಅವರ ಮೇಲಿನ ಪ್ರೀತಿಗೆ ಇದೆಲ್ಲ ಮಾಡಿದೆ ಎಂದು ನನಗೆ ತಿಳಿಯುತ್ತದೆ. ಅವರ ಕೈ ಹಿಡಿದು ನಾಲೆಯ ಏರಿ ಹತ್ತಿಸಿದವನು ನೀನು. ಆದರೆ ಕರಾರು ಅವರೊಬ್ಬರ ಹೆಸರಿಗೆ ಇದೆ, ನಿನ್ನ ಹೆಸರಿಗಿಲ್ಲ. ಸುಡಾನಿನಲ್ಲಿ ಅವರ ಪಕ್ಕಕ್ಕೆ ಯಾವ ಕೊಟ್ಟೂರಪ್ಪ ಬರುತ್ತಾನೆ? ಆ ಮರಳಿನಲ್ಲಿ ಎಲ್ಲಿ ಬಿದ್ದರು, ಯಾವ ಹಾವು ತುಳಿದರು ಎಂದು ನಮಗೆ ಯಾರು ಬರೆಯುತ್ತಾರೆ? ಒಂದು ಸಲ ಯೋಚನೆ ಮಾಡಿದ್ದೀಯಾ? ಮಾಡಿರುತ್ತೀಯ. ಹೇಳಲು ಬಾಯಿ ಬಂದಿರುವುದಿಲ್ಲ.

ಇನ್ನು ನಿಮಗೆ. ಮದುವೆಯಾದ ಎರಡನೇ ವರ್ಷ ಮಂಡ್ಯದ ಕಡೆ ಇರ್ವಿನ್ ನಾಲೆ ತೋಡುವಾಗ ನಾನೂ ಡೇರೆಯಲ್ಲಿದ್ದೆ. ಒಂದು ದಿನ ನನಗೆ ದುರ್ಬೀನಿನಲ್ಲಿ ನೋಡು ಎಂದಿರಿ. ನೋಡಿದರೆ ದೂರದಲ್ಲಿ ಕೊಟ್ಟೂರಪ್ಪ ಅಳತೆಗೋಲು ಹಿಡಿದು ಆಕಾಶದಿಂದ ತಲೆಕೆಳಗಾಗಿ ನೇತಾಡುತ್ತಿದ್ದ. ನಾನು ಹೆದರಿ ಕೂಗಿಕೊಂಡೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕು, “ಇದರಾಗೆ ಎಲ್ಲಾ ಬುಡಮೇಲಾಗೇ ಕಾಣ್ತೈತೆ ಕಣೇ, ಅಂಕಿ ಮಾತ್ರ ಸುಳ್ಳು ಹೇಳಂಗಿಲ್ಲ” ಅಂದಿರಿ. ಒಂದು ಬೆರಳಿನಷ್ಟು ಅಂಕಿ ತಪ್ಪಿದರೆ ನೀರು ಮುಟ್ಟಬೇಕಾದ ಹೊಲಕ್ಕೆ ಮುಟ್ಟುವುದಿಲ್ಲ, ಯಾರದೋ ಬೆಳೆ ಒಣಗುತ್ತದೆ, ಆ ಪಾಪ ನೋಡಿದ ಕಣ್ಣಿಗೆ ಎಂದು ಅವತ್ತೇ ಹೇಳಿದಿರಿ. ನಾನು ಆ ಮಾತಿಗೇ ನಿಮ್ಮನ್ನು ಮೆಚ್ಚಿದ್ದು. ಈಗ ಕಾಣದ ಕಣ್ಣು ಇಟ್ಟುಕೊಂಡು ಗುರುತಿಲ್ಲದ ಜನರ ಹೊಲಕ್ಕೆ ನೀರಿನ ದಾರಿ ಹಾಕಲು ಹೊರಟಿದ್ದೀರಿ. ಅವರೂ ಜೋಳ ಬಿತ್ತಿ ಕಾಯುವವರೇ. ಅವರ ಶಾಪ ಸಮುದ್ರ ದಾಟಿ ಬರುವುದಿಲ್ಲ ಎಂದುಕೊಂಡಿದ್ದೀರಾ?

ಇನ್ನೊಂದು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗ ನಿಚ್ಚಳವಾಗಿ ಕಾಣುತ್ತದೆಯೇ? ಕಣ್ಣು ಮಿಟುಕಿಸದೆ ನೋಡುತ್ತಾ ಕೂಡುತ್ತಿದ್ದಿರಲ್ಲ, ಈಗ ಏನು ನೋಡುತ್ತೀರಿ? ಬೇರೆಯವರಿಗೆ ಬೇಕಾದ್ದು ಹೇಳಿ. ಇದಕ್ಕೆ ಮಾತ್ರ ಸುಳ್ಳು ಬರೆಸಬೇಡಿ. ಅದು ಲಿಂಗ ಹಿಡಿದ ಕೈ.

ಪೊರೆ ಎಂದರೆ ಏನು ದೊಡ್ಡ ಶಿಕ್ಷೆಯೇ? ಕಮಲಳ ಮಾವನವರಿಗೆ ಹುಬ್ಬಳ್ಳಿಯಲ್ಲಿ ತೆಗೆದರು. ವಾರ ಮಲಗಿದ್ದರು, ಒಂದೂವರೆ ತಿಂಗಳು ಹಸಿರು ಪಟ್ಟಿ. ಈಗ ಸೀಸೆಯ ತಳದಷ್ಟು ದಪ್ಪ ಕನ್ನಡಕ ಹಾಕಿಕೊಂಡು, ತಮ್ಮ ಗದ್ದೆಗೆ ಯಾರ ದನ ಬಿತ್ತು ಎಂದು ಭಾನುವಳ್ಳಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಬೈಯುತ್ತಾರೆ. ಸೊಸೆ ಹಾಲಿಗೆ ನೀರು ಬೆರೆಸಿದ್ದೂ ಕಾಣುತ್ತದಂತೆ. ಕಮಲ ನನ್ನ ಮುಂದೆ, ಯಾಕಾದರೂ ತೆಗೆಸಿದೆವೋ ಎಂದು ಗೊಣಗುತ್ತಾಳೆ. ನಿಮ್ಮನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಹಾಲೇಶಪ್ಪನೂ ಜೊತೆಗೆ ಬರುತ್ತಾನೆ, ಆಣೆ ಮುರಿದದ್ದಕ್ಕೆ ಅದೇ ಪ್ರಾಯಶ್ಚಿತ್ತ ಎಂದು ಹೇಳಿ ಒಪ್ಪಿಸಿದ್ದೇನೆ.

ಸಾಮಾನು ಹೀಗಿದೆ. ಮೊದಲನೇ ಪೆಟ್ಟಿಗೆಯಲ್ಲಿ ಸ್ಟೋವ್, ಪಿನ್ನು, ಹಂಚು, ಒಂದರೊಳಗೊಂದು ಕೂಡುವ ಪಾತ್ರೆಗಳು, ನೀರಿನ ಚೀಲ, ವಿಭೂತಿ. ಎರಡನೆಯದರಲ್ಲಿ ಡೇರೆ, ಹಗ್ಗ, ಗೂಟ, ಸೊಳ್ಳೆ ಪರದೆ. ಕನ್ನಡಿಯನ್ನೂ ವಚನದ ಪುಸ್ತಕವನ್ನೂ ಸೀರೆಯಲ್ಲಿ ಸುತ್ತಿ ಇಟ್ಟಿದ್ದೇನೆ, ನೀವು ಬರೆಸದಿದ್ದರೂ. ಲಾಟೀನು ಒಂದೇ. ಎರಡನೆಯದನ್ನು ಇಮಾಂಬೀಗೆ ಕೊಟ್ಟುಬಿಟ್ಟೆ. ಕಣ್ಣು ಸರಿಹೋದವರಿಗೆ ಒಂದು ಸಾಕು, ಸರಿಹೋಗದವರಿಗೆ ಹತ್ತಿದ್ದರೂ ಸಾಲದು.

ಮಂಚ ಎರಡು. ಇರ್ವಿನ್ ನಾಲೆಯ ಕಾಲದ್ದು ಇನ್ನೊಂದು ಇತ್ತಲ್ಲ, ಅದರ ಸಂದಿಯಲ್ಲಿ ತಿಗಣೆಯ ಸಂಸಾರವೇ ಇತ್ತು. ಕುದಿಯುವ ನೀರು ಸುರಿದು ಮೂರು ದಿನ ಬಿಸಿಲಿಗೆ ಹಾಕಿದೆ. ಹೆಂಗಸರಿಗೆ ಆ ದೇಶ ಆಗುವುದಿಲ್ಲ ಎಂದು ಬರೆಸಬೇಡಿ. ಇಪ್ಪತ್ತನೇ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ಕಮಲಳನ್ನು ಇಟ್ಟುಕೊಂಡು ಡೇರೆಯಲ್ಲಿ ಮಳೆಗಾಲ ಕಳೆದವಳಿಗೆ ಐವತ್ತರಲ್ಲಿ ಮರಳು ಏನು ಮಾಡುತ್ತದೆ? ಹೊಲಿಸಿದ ಡೇರೆಯೊಳಗೆ ಒಂದು ಸಲ ಹೊಕ್ಕು ಕೂತು ನೋಡಿದೆ. ಇಬ್ಬರಿಗೆ ಸಾಕು. ಅತ್ತೆ ಸತ್ತು ಆರು ವರ್ಷವಾಯಿತು, ಮಗಳು ಗಂಡನ ಮನೆ ಸೇರಿದ್ದಾಳೆ. ಎಮ್ಮೆಯನ್ನು ಕೆಂಚವೀರಪ್ಪ ನೋಡಿಕೊಳ್ಳುತ್ತಾನಂತೆ, ಡೇರೆ ಹೋದ ಮೇಲೆ ಅದಾದರೂ ಇರಲಿ ಎಂದ. ನಾನು ಈ ಮನೆ ಕಾಯುತ್ತಾ ಕೂಡಲು ಕಾರಣ ಹುಡುಕಿದರೂ ಸಿಗುತ್ತಿಲ್ಲ.

ಆದರೆ ಮೊದಲು ಕಣ್ಣು. ಪೆಟ್ಟಿಗೆಗೆ ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಹರಿಹರಕ್ಕೆ ಒಂದು ಗೂಟವೂ ಹೋಗುವುದಿಲ್ಲ. ಪರಮೇಶ್ವರಪ್ಪನವರಿಗೆ ಇದ್ದದ್ದು ಇದ್ದ ಹಾಗೆ ನೀವೇ ಬರೆಯಿರಿ. ಪೊರೆ ಬಂದಿದೆ, ಪರೀಕ್ಷೆಯಲ್ಲಿ ಮೋಸ ಮಾಡಿದೆ, ಕಣ್ಣು ಸರಿಮಾಡಿಸಿಕೊಂಡು ಬಂದರೆ ಕೆಲಸ ಉಳಿಯುತ್ತದೆಯೇ ಎಂದು. ಬರೆಯುವುದು ಬಿಡುವುದು ನಿಮಗೆ ಸೇರಿದ್ದು. ನಾನು ಹೇಳುವವಳು ಮಾತ್ರ.

ಪಾದಸೇವಕಿ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ.

ಸಿಟ್ಟು ಇಳಿಯದ ನಿಮ್ಮ
ನೀಲವ್ವ

ತಾ.ಕ.: ಕೊಟ್ಟೂರಪ್ಪ, ಇದನ್ನು ನಿಧಾನವಾಗಿ ಓದು.

ಪರಮೇಶ್ವರಪ್ಪನವರಿಗೆ ಬರೆಯುವುದು ಬಿಡುವುದು ನಿಮಗೆ ಸೇರಿದ್ದು ಎಂದೆನಲ್ಲ, ಅದು ಸುಳ್ಳು. ಸೋಮವಾರದ ಉಪವಾಸದಲ್ಲಿ ಸುಳ್ಳನ್ನು ಲಕೋಟೆಗೆ ಹಾಕಿ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಶನಿವಾರವೇ ಅವರಿಗೆ ನಾನು ಬರೆದು ರಿಜಿಸ್ಟರ್ ಮಾಡಿಸಿದ್ದೇನೆ. ಎಲ್ಲವನ್ನೂ ಬರೆದಿದ್ದೇನೆ, ಅಕ್ಷರದ ಪಟ್ಟಿ ಬಾಯಿಪಾಠ ಮಾಡಿದ್ದನ್ನೂ. ನಿಮಗೆ ಹಾಕುವ ಕಾಗದದ ವಿಳಾಸವನ್ನು ಕೂಡ ಇಷ್ಟು ವರ್ಷ ಪೋಸ್ಟಾಫೀಸಿನ ವಾಮದೇವಪ್ಪನ ಕೈಲಿ ಬರೆಸಿದವಳು ನಾನು. ಪರಮೇಶ್ವರಪ್ಪನವರ ಕಾಗದವನ್ನು ಯಾರ ಕೈಲೂ ಬರೆಸುವಂತಿರಲಿಲ್ಲ. ಯಾವ ಓವರ್ಸಿಯರ್ ಎಂದು ಅವರಿಗೆ ತಿಳಿಯಬೇಕಲ್ಲ. ಮೂವತ್ತಮೂರು ವರ್ಷ ನಾಲಿಗೆಯ ಮೇಲೂ ತರದ ನಿಮ್ಮ ಹೆಸರನ್ನು ಕೈಯಾರೆ ಬರೆದೆ. ಮೊದಲ ಸಲ ಅಕ್ಷರ ಕೆಟ್ಟಿತು. ಹೊಡೆದು ಹಾಕಲು ಧೈರ್ಯ ಬರಲಿಲ್ಲ, ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆದೆ. ಬರೆದು ಗಲ್ಲ ಬಡಿದುಕೊಂಡೆ.

ಉತ್ತರ ಇನ್ನೂ ಬಂದಿಲ್ಲ. ಕೆಲಸವನ್ನು ಇಟ್ಟಿರುತ್ತಾರೋ, ಬೇರೆಯವರಿಗೆ ಕೊಡುತ್ತಾರೋ ಗೊತ್ತಿಲ್ಲ. ಹೋದರೆ, ಕಳೆದವಳು ನಾನೇ. ಬೈಯಬೇಕೆನಿಸಿದರೆ ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿಯಿರಿ, ಮನೆಗೆ ಬಂದು ಎದುರಿಗೆ ನಿಂತು ಮನಸ್ಸು ತೀರುವಷ್ಟು ಬೈಯಿರಿ. ಕಾಗದದಲ್ಲಿ ಮಾತ್ರ ಬೇಡ. ಕೊಟ್ಟೂರಪ್ಪನ ಅಕ್ಷರದಲ್ಲಿ ಬೈಸಿಕೊಳ್ಳುವುದು ನನ್ನಿಂದಾಗುವುದಿಲ್ಲ.